ಹೊಸ ಡೊಮೇನ್ ವಿಸ್ತರಣೆಗಳು: ಸಲಹೆಗಾರರೊಂದಿಗೆ ಪ್ರಶ್ನೋತ್ತರ

ವಿದ್ಯಾರ್ಥಿ: ಸರ್, ಡಾಟ್ ಕಾಮ್ ಬಿಟ್ಟು ಹೊಸ ವಿಸ್ತರಣೆಯ (ಜಾಲತಾಣದ ಹೆಸರಿನ ಕೊನೆಯ ಭಾಗ) ಹೆಸರನ್ನು ಕೊಂಡರೆ ಗೂಗಲ್ ಹುಡುಕಾಟದಲ್ಲಿ ಜಾಲತಾಣ ಹಿಂದೆ ಬೀಳುತ್ತದೆಯೇ?

ಸಲಹೆಗಾರ: ಇಲ್ಲ. ಎಲ್ಲವನ್ನೂ ಒಂದೇ ರೀತಿ ಕಾಣುವುದಾಗಿ ಗೂಗಲ್ 2015ರಲ್ಲೇ ತಿಳಿಸಿದೆ.

ಛಾಯಾಗ್ರಾಹಕಿ: ನಮಸ್ಕಾರ ಸರ್. ನನ್ನ ಹೆಸರಿನ ಡಾಟ್ ಕಾಮ್ ಬೇರೆಯವರ ಬಳಿ ಇದ್ದುದರಿಂದ ಕಳೆದ ವರ್ಷ ಡಾಟ್ ಸ್ಟುಡಿಯೋ ಕೊಂಡೆ. ಮೊದಲ ವರ್ಷ ಅಗ್ಗವಾಗಿತ್ತು, ಈಗ ನವೀಕರಣಕ್ಕೆ ಹಲವು ಪಟ್ಟು ಕೇಳುತ್ತಿದ್ದಾರೆ. ಅವಧಿ ಮುಗಿದು ಹನ್ನೆರಡು ದಿನಗಳಾಗಿವೆ. ಅದನ್ನು ಬಿಟ್ಟು ಬೇರೆ ಹೆಸರು ಕೊಳ್ಳೋಣವೆಂದಿದ್ದೇನೆ. ಬ್ಯಾಂಕ್ ಸೇರಿದಂತೆ ಎಲ್ಲ ಖಾತೆಗಳಿಗೂ ಆ ಹೆಸರಿನ ಇಮೇಲ್ ಅನ್ನೇ ಕೊಟ್ಟಿದ್ದೇನೆ.

ಸಲಹೆಗಾರ: ಮೇಡಂ, ನಿಮ್ಮ ಕೊನೆಯ ವಾಕ್ಯ ನನಗೆ ಆತಂಕ ತಂದಿದೆ, ದಯವಿಟ್ಟು ಇಂದೇ ನವೀಕರಿಸಿ. ಹೊಸ ವಿಸ್ತರಣೆಗಳಲ್ಲಿ ಹೆಸರು ಚಿಕ್ಕದಾಗಿ ಸಿಗುತ್ತದೆ, ಕಸುಬೂ ಅದರಲ್ಲೇ ಕಾಣುತ್ತದೆ ಎಂಬುದು ನಿಜ; ಆದರೆ ಅವುಗಳಲ್ಲಿ ಹೆಚ್ಚಿನವುಗಳ ದರಕ್ಕೆ ಮೇಲ್ಮಿತಿಯಿಲ್ಲ, ನವೀಕರಣ ದರ ಏರಿಸುವ ರಿಜಿಸ್ಟ್ರಿಯು (ವಿಸ್ತರಣೆಯನ್ನು ನಡೆಸುವ ಸಂಸ್ಥೆ) 180 ದಿನ ಮೊದಲು ರಿಜಿಸ್ಟ್ರಾರ್‌ಗಳಿಗೆ (ಹೆಸರುಗಳನ್ನು ನಮಗೆ ಮಾರುವ ಕಂಪನಿಗಳಿಗೆ) ತಿಳಿಸಬೇಕಷ್ಟೆ. ಅವಧಿ ಮುಗಿದ ಮೇಲೆ ಸಾಮಾನ್ಯ ದರದಲ್ಲಿ ನವೀಕರಿಸಲು ಹೆಚ್ಚೆಂದರೆ 45 ದಿನ ಸಿಗಬಹುದು, ಎಷ್ಟು ಕೊಡುವುದೆಂಬುದು ರಿಜಿಸ್ಟ್ರಾರ್‌ಗೆ ಬಿಟ್ಟದ್ದು. ಆಮೇಲೆ ಅವರು ಹೆಸರನ್ನು ಅಳಿಸಿದರೆ, ಹೆಚ್ಚುವರಿ ಶುಲ್ಕ ತೆತ್ತು ಮರಳಿ ಪಡೆಯಲು 30 ದಿನಗಳಿರುತ್ತವೆ. ಆ ಬಳಿಕ ಐದು ದಿನ ಕಳೆದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಹಾಗೆ ಕೊಂಡವರು ನಿಮ್ಮದೇ ಇಮೇಲ್ ವಿಳಾಸವನ್ನು ಮತ್ತೆ ಸೃಷ್ಟಿಸಿ, ನಿಮ್ಮ ಖಾತೆಗಳಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಸಾಕು, ಪಾಸ್‌ವರ್ಡ್ ಬದಲಿಸುವ ಕೊಂಡಿ ಅವರಿಗೇ ಹೋಗುತ್ತದೆ. ಒಂದು ವರ್ಷಕ್ಕೆ ನವೀಕರಿಸಿ, ಒಂದೊಂದೇ ಖಾತೆಯನ್ನು ಬೇರೆ ವಿಳಾಸಕ್ಕೆ ಬದಲಾಯಿಸಿ, ಆಮೇಲೆ ಬಿಡುವ ಮಾತು.

ವ್ಯಾಪಾರಿ: ಹತ್ತು ವರ್ಷಕ್ಕೆ ಒಟ್ಟಿಗೆ ಹಣ ಕಟ್ಟಿದರೆ ಗೂಗಲ್‌ನಲ್ಲಿ ಮೊದಲ ಸ್ಥಾನ ಸಿಗುತ್ತದೆಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕಿದ್ದೇನೆ.

ಸಲಹೆಗಾರ: ಸುಳ್ಳು. ಹತ್ತು ವರ್ಷ ಕಟ್ಟಿದರೆ ದರ ಏರಿಕೆಯಿಂದ ಅಷ್ಟು ಕಾಲ ಪಾರಾಗಬಹುದು, ಮತ್ತೇನೂ ಇಲ್ಲ. ಇಂತಹ ಫಾರ್ವರ್ಡ್‌ಗಳನ್ನು ಇಲ್ಲಿ ಹಾಕಬೇಡಿ.

ಛಾಯಾಗ್ರಾಹಕ: ಕೆಲವು ಅರ್ಜಿ ನಮೂನೆಗಳು ನನ್ನ ಡಾಟ್ ಫೋಟೋಗ್ರಫಿ ಇಮೇಲ್ ಅನ್ನು ‘ತಪ್ಪು ವಿಳಾಸ’ ಎನ್ನುತ್ತವೆ. ಪರಿಹಾರವಿದೆಯೇ?

ಉದ್ಯಮಿ: ಈ ಗೊಂದಲವೇ ಬೇಡ, ಡಾಟ್ ಎಐ ಕೊಳ್ಳಿ. ಕೃತಕ ಬುದ್ಧಿಮತ್ತೆಗೆಂದೇ ಬಂದ ಹೊಸ ವಿಸ್ತರಣೆ ಅದು.

ಪ್ರೋಗ್ರಾಮರ್: ಅದು ಹೊಸತಲ್ಲ, ಆಂಗ್ವಿಲಾ ದ್ವೀಪದ ಸಂಕೇತ. ಎರಡಕ್ಷರದವೆಲ್ಲ ದೇಶ, ಪ್ರದೇಶಗಳಿಗೆ ಸೇರಿದವು.

ಉದ್ಯಮಿ: ಯಾರದಾದರೇನು? ಕಂಪನಿಗಳು ಮುಗಿಬಿದ್ದು ಕೊಳ್ಳುತ್ತಿವೆ.

ಪ್ರೋಗ್ರಾಮರ್: ನಿಯಮ ಆ ದೇಶ, ಪ್ರದೇಶಗಳ ಕೈಯಲ್ಲಿರುತ್ತದೆ ಎಂಬುದೇ ವಿಷಯ. ಯುಗೊಸ್ಲಾವಿಯಾ ಹೋದ ಮೇಲೆ ಅದರ ಡಾಟ್ ವೈಯು ಕೂಡ 2010ರಲ್ಲಿ ಹೋಯಿತು.

ಉದ್ಯಮಿ: ಆಂಗ್ವಿಲಾ ಎಲ್ಲಿಗೂ ಹೋಗುತ್ತಿಲ್ಲ. ಪಾಂಡಿತ್ಯ ತೋರಿಸಲು ಬೇರೆ ಜಾಗ ನೋಡಿಕೊಳ್ಳಿ.

ಪ್ರೋಗ್ರಾಮರ್: ತಪ್ಪು ಹೇಳಿದವರು ತಾವು.

ಸಲಹೆಗಾರ: ಪ್ರೋಗ್ರಾಮರ್ ಹೇಳಿದ್ದು ಸರಿ. ಇಬ್ಬರೂ ನಿಲ್ಲಿಸಿ.

ಛಾಯಾಗ್ರಾಹಕ: ಸರ್, ನನ್ನ ಇಮೇಲ್ ಪ್ರಶ್ನೆ?

ಹೊಸ ಸದಸ್ಯೆ: ಹೊಸ ವಿಸ್ತರಣೆ ಗೂಗಲ್‌ನಲ್ಲಿ ಹಿಂದೆ ಬೀಳುತ್ತದೆಯೇ ಸರ್?

ಸಲಹೆಗಾರ: ಮೊದಲ ಉತ್ತರ ಓದಿ.

ವ್ಯಾಪಾರಿ: ಆದರೆ ಆ ಸಂದೇಶ ಕಳುಹಿಸಿದವರು ಎಂಜಿನಿಯರ್.

ಸಲಹೆಗಾರ: ಹಾಗಾದರೆ ಅವರನ್ನೇ ಕೇಳಿ.

ಛಾಯಾಗ್ರಾಹಕಿ: ನವೀಕರಿಸಿದೆ ಸರ್, ಇಮೇಲ್ ಮತ್ತೆ ಬರುತ್ತಿದೆ.

ಸಲಹೆಗಾರ: ಒಳ್ಳೆಯದು. ಮೊದಲು ಬ್ಯಾಂಕಿನ ಖಾತೆಯ ವಿಳಾಸ ಬದಲಾಯಿಸಿ, ಮೇಡಂ.