ವಿಯೆಟ್ನಾಂನಲ್ಲಿ ನಮ್ಮತ್ತೆಗೂ ಬಾನ್ ಮಿ ಸಿಗುತ್ತಾ?

ತುಂಗಾತೀರ:
ನಮಸ್ಕಾರ. ಜನವರಿಯಲ್ಲಿ ಹತ್ತು ದಿನ ವಿಯೆಟ್ನಾಂಗೆ ಹೊರಟಿದ್ದೇವೆ. ಹನೋಯ್, ಹೋಯ್ ಆನ್, ಕೊನೆಗೆ ಸೈಗಾನ್ (ಹೋ ಚಿ ಮಿನ್ ನಗರ). ನನಗೂ ಯಜಮಾನರಿಗೂ ಮಾಂಸ ನಡೆಯುತ್ತೆ. ಜೊತೆಗೆ ಬರುವ ನಮ್ಮತ್ತೆ ಮೊಟ್ಟೆಯನ್ನೂ ಮುಟ್ಟಲ್ಲ. ಆದರೆ ಬೀದಿಯಲ್ಲಿ ಮಾರುವ ಬಾನ್ ಮಿ (ಉದ್ದ ಬ್ರೆಡ್ಡು ಸೀಳಿ ಒಳಗೆ ತುಂಬಿಸಿ ಕೊಡುವ ಸ್ಯಾಂಡ್‌ವಿಚ್) ವಿಡಿಯೋ ನೋಡಿ ನೋಡಿ ನಮಗಿಂತ ಅವರಿಗೇ ಹೆಚ್ಚು ಆಸೆ. ನಾವು ಗಾಡಿ ಮುಂದೆ ನಿಂತು ತಿನ್ನುವಾಗ ಅವರು ಬ್ಯಾಗಿನಿಂದ ಚಪಾತಿ ತೆಗೆಯೋದು ನನಗೆ ಬೇಡ. ಏನಂತ ಕೇಳಬೇಕು, ಎಲ್ಲಿ ಹುಡುಕಬೇಕು?

ರೈಲುಪ್ರಯಾಣಿ:
ಖಂಡಿತ ಸಿಗುತ್ತೆ ಅಕ್ಕಾ. ನಾನು ಮೊಟ್ಟೆ ತಿಂತೀನಿ, ಮಾಂಸ ಇಲ್ಲ. ಸೈಗಾನ್‌ನಲ್ಲಿ ಆರು ದಿನ ಬೆಳಗಿನ ತಿಂಡಿ ಇದೇ.

ಮೊದಲ ದಿನ ಒಂದು ಗಾಡಿಯಲ್ಲಿ ಮೊಟ್ಟೆಯದು ಅಂತ ಕೈಸನ್ನೆ ಮಾಡಿದೆ. ಮೊಟ್ಟೆಯೇ ಬಂತು, ಆದರೆ ಬ್ರೆಡ್ಡಿನ ಒಳಗೆ ಕಂದು ಬಣ್ಣದ ಪಾಟೆ, ಅಂದರೆ ಮಾಂಸ ಅರೆದ ಪೇಸ್ಟು, ಸವರಿತ್ತು. ಅದು ಹಂದಿಯ ಲಿವರಿನದು. ಎರಡು ಕಚ್ಚಾದ ಮೇಲೆ ಗೊತ್ತಾಗಿ ಬಹಳ ಸಂಕಟವಾಯಿತು. ಮಾಂಸದ ಹೋಳು ಬೇಡ ಅಂದರೆ ಸಾಲದು. ಪಾಟೆ, ಮೇಲೆ ಚಿಮುಕಿಸುವ ಸಾಸ್, ಸವರುವ ಚಾಕು ಎಲ್ಲವನ್ನೂ ನೋಡಬೇಕು.

ಅಲ್ಲಿ ಸಸ್ಯಾಹಾರಕ್ಕೆ 'ಚಾಯ್' ಅಂತಾರೆ. ನಮ್ಮ ಟೀ ಅಲ್ಲ! 'ಆನ್ ಚಾಯ್' ಅಂದರೆ ಸಸ್ಯಾಹಾರ ತಿನ್ನುವುದು. ಅವರದು ದನಿಯ ಏರಿಳಿತಕ್ಕೆ ಅರ್ಥ ಬದಲಾಗುವ ಭಾಷೆ, ನಮ್ಮ ಉಚ್ಚಾರ ತಪ್ಪಬಹುದು, ಹಾಗಾಗಿ ಫೋನಿನಲ್ಲಿ ಬರೆದು ತೋರಿಸಿ. ಬೌದ್ಧರಲ್ಲಿ ಬಹಳ ಜನ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ಬಿಡುತ್ತಾರೆ. ನಮ್ಮ ಹುಣ್ಣಿಮೆ, ಅಮಾವಾಸ್ಯೆ ಲೆಕ್ಕಕ್ಕೆ ಹತ್ತಿರ. ಆ ದಿನ ಚಾಯ್ ಗಾಡಿಗಳು ಹೆಚ್ಚು. ಬೇರೆ ದಿನ ದೇವಸ್ಥಾನಗಳ ಸುತ್ತ ಹುಡುಕಿ.

ನಾನು ದಿನಾ ಹೋಗುತ್ತಿದ್ದ ಗಾಡಿಯ ಅಮ್ಮ ಬ್ರೆಡ್ಡನ್ನು ಕೆಂಡದ ಮೇಲೆ ಒಂದು ಸುತ್ತು ತಿರುಗಿಸಿ, ಕತ್ತರಿಯಿಂದ ಪಕ್ಕ ಸೀಳುತ್ತಿದ್ದರು. ಒಳಗೆ ಹುರಿದ ತೋಫು, ಅಣಬೆ, ಸೌತೆಕಾಯಿಯ ಉದ್ದ ಹೋಳು, ವಿನೆಗರ್-ಸಕ್ಕರೆಯಲ್ಲಿ ನೆನೆಸಿದ ಕ್ಯಾರೆಟ್ಟು, ಬಿಳಿ ಮೂಲಂಗಿ. ಮೇಲೆ ಕೊತ್ತಂಬರಿ ಸೊಪ್ಪು ದಂಟಿನ ಸಮೇತ, ಹಸಿಮೆಣಸು, ಸೋಯಾ ಸಾಸ್. ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೈಗೆ ಕೊಟ್ಟರೆ ಬಿಸಿ ಕಾಗದ ದಾಟಿ ಬರುತ್ತಿತ್ತು. ಕಚ್ಚಿದ ಕೂಡಲೇ ಸಿಪ್ಪೆ ಪುಡಿಪುಡಿಯಾಗಿ ಅಂಗಿಯೆಲ್ಲ ಉದುರುತ್ತೆ, ಒಳಗೆ ಹತ್ತಿಯ ಹಾಗೆ ಹಗುರ. ಫ್ರೆಂಚರು ತಂದ ಬ್ರೆಡ್ಡು ನಿಜ, ಆದರೆ ಇಷ್ಟು ಹಗುರ ಮಾಡಿಕೊಂಡಿದ್ದು ಇವರೇ. ನನಗೆ ಇದೇ ಹೆಚ್ಚು ಇಷ್ಟ.

ಇನ್ನೊಂದು ಮಾತು: ಟೆಟ್ ಹಬ್ಬ (ಅವರ ಚಾಂದ್ರಮಾನ ಹೊಸವರ್ಷ) ಜನವರಿ ಕೊನೆಗೋ ಫೆಬ್ರುವರಿಗೋ ಬರುತ್ತೆ. ಆಗ ಸುಮಾರು ಗಾಡಿಗಳು ಊರಿಗೆ ಹೋಗಿರುತ್ತವೆ. ದಿನಾಂಕ ನೋಡಿಕೊಳ್ಳಿ.

ಕೊಡಗಿನವ:
ನಿಮ್ಮಿಬ್ಬರಿಗೆ: ಸೈಗಾನ್‌ನ ಹಿಂದಿನ 3ನೇ ಜಿಲ್ಲೆಯ ಕಾವ್ ತಾಂಗ್ ಬೀದಿಯಲ್ಲಿ ಹೋವಾ ಮಾ ಅಂಗಡಿ ಇದೆ, 1958ರಲ್ಲಿ ಶುರುವಾದದ್ದು. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ಲಕ್ಷಾಂತರ ಜನ ದಕ್ಷಿಣಕ್ಕೆ ಬಂದರು, ಈ ಅಂಗಡಿ ಇಟ್ಟವರೂ ಹನೋಯ್ ಕಡೆಯವರು. ಅಲ್ಲಿ ಪುಟ್ಟ ಬಾಣಲೆಯಲ್ಲಿ ಮೊಟ್ಟೆ, ಮಾಂಸ ಚುರ್ ಅನ್ನುತ್ತಾ ಬರುತ್ತೆ, ಬ್ರೆಡ್ಡು ಬೇರೆ. ಮುರಿದು ಅದ್ದಿ ತಿನ್ನಬೇಕು. ಬೆಳಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಇರಲ್ಲ. ಹೋಯ್ ಆನ್‌ನಲ್ಲಿ ಮೇಡಂ ಖಾನ್ ಅಂಗಡಿ ನನ್ನ ಆಯ್ಕೆ.

ತುಂಗಾತೀರ:
ಬಹಳ ಉಪಕಾರ. ಬರೀ ಬ್ರೆಡ್ಡಿನಲ್ಲಿ ಮೊಟ್ಟೆ ಇರುತ್ತಾ? ಮೀನಿನ ಸಾಸ್ ಸೇರುತ್ತಾ?

ರೈಲುಪ್ರಯಾಣಿ:
ಹಿಟ್ಟು, ನೀರು, ಯೀಸ್ಟ್, ಉಪ್ಪು ಮುಖ್ಯ. ಕೆಲವು ಬೇಕರಿಯವರು ಬೇರೇನಾದರೂ ಸೇರಿಸುತ್ತಾರೆ, ನೋಡಿ ಹೇಳೋಕಾಗಲ್ಲ. ಅತ್ತೆಯವರಿಗೆ ಪೂರ್ತಿ ಚಾಯ್ ಅಂಗಡಿಯದ್ದೇ ಕೊಡಿಸಿ, ಮಾಂಸದ ಗಾಡಿಯಲ್ಲಿ 'ಮಾಂಸ ತೆಗೆದು ಕೊಡಿ' ಅನ್ನಬೇಡಿ. ಅಲ್ಲಿ ಮೀನಿನ ಸಾಸ್ ಎಲ್ಲಿ ಸೇರುತ್ತೋ ಗೊತ್ತಾಗಲ್ಲ. ಚಾಯ್ ಅಡುಗೆಯಲ್ಲಿ ಅದನ್ನು ಹಾಕಲ್ಲ. ಕಟ್ಟುನಿಟ್ಟಿನವರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ಮೊಟ್ಟೆ ಬಗ್ಗೆ ಮಾತ್ರ ಒಮ್ಮೆ ಕೇಳಿ, ಅದು ಅಂಗಡಿಯಿಂದ ಅಂಗಡಿಗೆ ಬೇರೆ.

ತುಂಗಾತೀರ:
ಅತ್ತೆಗೆ ಎಲ್ಲ ಓದಿ ಹೇಳಿದೆ. 'ಆನ್ ಚಾಯ್' ಅಂತ ತಮ್ಮ ಡೈರಿಯಲ್ಲಿ ಬರೆದುಕೊಂಡರು. ಈಗ ಪಂಚಾಂಗ ಹಿಡಿದು ಕೂತಿದ್ದಾರೆ, ಹುಣ್ಣಿಮೆಗೆ ನಾವು ಸೈಗಾನ್‌ನಲ್ಲೇ ಇರೋ ಹಾಗೆ ಟಿಕೆಟ್ ಮಾಡಿಸಬೇಕಂತೆ.