ಓಲ್ಡ್ ಸ್ಕೂಲ್ ಟ್ಯಾಟೂ: ಅಷ್ಟು ದಪ್ಪ ಗೆರೆ ಬೇಕೇ ಬೇಕಾ?

ಮೊದಲ_ಹಚ್ಚೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊದಲ ಟ್ಯಾಟೂ ಹಾಕಿಸಿಕೊಳ್ಳಬೇಕು ಅಂತಿದ್ದೇನೆ, ಮುಂಗೈ ಮೇಲೆ. ಓಲ್ಡ್ ಸ್ಕೂಲ್ ಶೈಲಿ, ಅಂದ್ರೆ ಅಮೆರಿಕದ ಹಳೇ ಕಾಲದ ಟ್ಯಾಟೂ ಶೈಲಿ, ನನಗೆ ತುಂಬಾ ಇಷ್ಟ. ಬಾಲ ಕವಲೊಡೆದ ಸ್ವಾಲೋ ಹಕ್ಕಿ, ಅದರ ಕೆಳಗೆ ಒಂದು ಕೆಂಪು ಗುಲಾಬಿ, ಇಷ್ಟೇ. ನಾನು ಅಂದುಕೊಂಡಿದ್ದು ಹೆಬ್ಬೆರಳಿನಷ್ಟು ಚಿಕ್ಕದು, ತೆಳು ಗೆರೆಯಲ್ಲಿ. ಆದರೆ ಆರ್ಟಿಸ್ಟ್ ಒಪ್ತಾ ಇಲ್ಲ. ಈ ಶೈಲಿಗೆ ಗೆರೆ ದಪ್ಪ ಇರಲೇಬೇಕು, ಸೈಜೂ ಕನಿಷ್ಠ ಅಂಗೈಯಷ್ಟು ಇರಲಿ ಅಂತಾರೆ. ಇದು ನಿಜಾನಾ, ಅಥವಾ ಸುಮ್ನೆ ಅವರ ಅಭ್ಯಾಸಾನಾ?

ಇನ್ನೊಂದು ವಿಷಯ. ಸ್ವಾಲೋ ನಾವಿಕರ ಗುರುತು, ಹಡಗು ಹತ್ತದವರು ಹಾಕಿಸಿಕೊಳ್ಳಬಾರದು ಅಂತ ಸ್ನೇಹಿತ ಹೇಳಿದ. ಅದು ತಲೆಯಲ್ಲಿ ಕೊರೀತಾ ಇದೆ. ಗೊತ್ತಿದ್ದವರು ಹೇಳಿ.

ಗೆರೆಗಾರ:

ನಾನು ಈ ಕೆಲಸ ಮಾಡುವವನೇ, ಹಾಗಾಗಿ ನೇರವಾಗಿ ಹೇಳ್ತೀನಿ. ನಿಮ್ಮ ಆರ್ಟಿಸ್ಟ್ ಹೇಳಿದ್ದು ಸರಿ. ಒಪ್ಪಲಿಲ್ಲ ಅನ್ನೋದೇ ಒಳ್ಳೆಯ ಲಕ್ಷಣ.

ಇಂಕು ಚರ್ಮದ ಮೇಲ್ಪದರದಲ್ಲಿ ಇರುವುದಿಲ್ಲ, ಅದರ ಕೆಳಗಿನ ಪದರದಲ್ಲಿ ಕೂರುತ್ತದೆ. ಅಲ್ಲಿ ನಮ್ಮ ದೇಹದ ರಕ್ಷಣಾ ಜೀವಕೋಶಗಳು ಬಣ್ಣದ ಕಣಗಳನ್ನು ಹೊರಗಿನ ವಸ್ತು ಅಂತ ತಿಳಿದು ನುಂಗಿ ಇಟ್ಟುಕೊಳ್ಳುತ್ತವೆ. ಒಂದು ಕೋಶ ಸತ್ತರೆ ಆ ಬಣ್ಣ ಹೊರಬರುತ್ತದೆ, ಪಕ್ಕದ ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಟ್ಯಾಟೂ ಉಳಿಯುವುದೇ ಹೀಗೆ. ಆದರೆ ವರ್ಷಗಳು ಕಳೆದಂತೆ ಎಲ್ಲ ಗೆರೆಗಳೂ ಸ್ವಲ್ಪ ಸ್ವಲ್ಪ ಅಗಲ ಆಗುತ್ತವೆ, ಇದನ್ನು ಯಾರೂ ತಡೆಯೋಕಾಗಲ್ಲ. ಹೆಬ್ಬೆರಳಿನಷ್ಟು ಜಾಗದಲ್ಲಿ ಹಕ್ಕಿಯ ರೆಕ್ಕೆಯ ಒಂದೊಂದು ಗರಿಯನ್ನೂ ತೆಳು ಗೆರೆಯಲ್ಲಿ ಬಿಡಿಸಿದರೆ ಮೊದಲ ದಿನ ಫೋಟೊ ಚೆನ್ನಾಗಿ ಬರುತ್ತದೆ, ಹತ್ತು ಹದಿನೈದು ವರ್ಷ ಆದಮೇಲೆ ಗರಿಗೆ ಗರಿ ಅಂಟಿಕೊಂಡು ಒಂದು ಕಪ್ಪು ಮಚ್ಚೆ ಉಳಿಯಬಹುದು.

ಓಲ್ಡ್ ಸ್ಕೂಲ್‌ನವರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರು. ಹೊರಗೆ ದಪ್ಪ ಕಪ್ಪು ಗೆರೆ, ಒಳಗೆ ಗಟ್ಟಿಯಾದ ಕಪ್ಪು ಶೇಡಿಂಗ್, ಕೆಲವೇ ಬಣ್ಣ, ಉಳಿದಿದ್ದು ಬರೀ ಚರ್ಮ. ನಮ್ಮಲ್ಲಿ ಹೇಳುವ ಲೆಕ್ಕ ಇದು: ಮೂರರಲ್ಲಿ ಒಂದು ಭಾಗ ಕಪ್ಪು, ಒಂದು ಭಾಗ ಬಣ್ಣ, ಒಂದು ಭಾಗ ಖಾಲಿ. ಆ ಖಾಲಿ ಜಾಗ ಇದೆಯಲ್ಲ, ಅದನ್ನು ತುಂಬಿಸಿಬಿಡಿ ಅಂತ ಜನ ಕೇಳ್ತಾನೇ ಇರ್ತಾರೆ, ಆದರೆ ಮುಂದೆ ಗೆರೆ ಹರಡಿದಾಗ ಚಿತ್ರವನ್ನು ಕಾಪಾಡುವುದು ಅದೇ. ತೆಳು ಗೆರೆಯೇ ಬೇಕು ಅಂದ್ರೆ ಫೈನ್ ಲೈನ್ ಅಂತ ಬೇರೆ ಶೈಲಿ ಇದೆ, ಅದರಲ್ಲಿ ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ಅದು ಓಲ್ಡ್ ಸ್ಕೂಲ್ ಆಗಲ್ಲ.

ಹಳೇ_ಹಾಳೆ:

ಮೇಲಿನವರು ಚರ್ಮದ ಕಡೆಯಿಂದ ಹೇಳಿದರು, ನಾನು ಇತಿಹಾಸದ ಕಡೆಯಿಂದ ಸೇರಿಸ್ತೀನಿ.

ಈ ಶೈಲಿ ರೂಪ ಪಡೆದದ್ದು ಅಮೆರಿಕದ ಬಂದರು ಊರುಗಳಲ್ಲಿ. ಎಡಿಸನ್ ಅವರ ಎಲೆಕ್ಟ್ರಿಕ್ ಪೆನ್ ಅಂತ ಒಂದಿತ್ತು, ಕಾಗದಗಳ ನಕಲು ತೆಗೆಯಲು ಹಾಳೆಗೆ ಸಣ್ಣ ಸಣ್ಣ ತೂತು ಹಾಕುತ್ತಿದ್ದ ಸಾಧನ. ಅದೇ ವಿಚಾರ ಹಿಡಿದು ನ್ಯೂಯಾರ್ಕ್‌ನ ಸ್ಯಾಮ್ಯುಯೆಲ್ ಓ'ರೈಲಿ 1891ರಲ್ಲಿ ಟ್ಯಾಟೂ ಮಷೀನಿಗೆ ಪೇಟೆಂಟ್ ಪಡೆದರು. 1904ರಲ್ಲಿ ಚಾರ್ಲಿ ವ್ಯಾಗ್ನರ್ ಇನ್ನೊಂದು ಮಷೀನಿಗೆ ಪಡೆದರು. ಕೈಯಿಂದ ಚುಚ್ಚುತ್ತಿದ್ದ ಕೆಲಸ ಒಮ್ಮೆಗೇ ವೇಗ ಆಯ್ತು. ನಾವಿಕರಿಗೆ ಇರ್ತಿದ್ದದ್ದು ಸ್ವಲ್ಪ ರಜೆ, ಅಂಗಡಿ ಮುಂದೆ ಸಾಲು, ಬೇಗ ಮುಗಿಸಿ ಕಳಿಸಬೇಕು. ಹಾಗಾಗಿ ಗೋಡೆ ತುಂಬಾ ಮೊದಲೇ ಬರೆದಿಟ್ಟ ಚಿತ್ರಗಳ ಹಾಳೆಗಳು, ಅದನ್ನೇ ಫ್ಲ್ಯಾಶ್ ಅನ್ನುವುದು. ಬಂದವರು ಬೆರಳು ತೋರಿಸಿ ಆರಿಸುತ್ತಿದ್ದರು. ಈ ಹಾಳೆಗಳನ್ನು ಮಾಡಿ ಹಂಚಿದವರಲ್ಲಿ ಲೂ ಆಲ್ಬರ್ಟ್ಸ್ ಮುಖ್ಯರು, ಮೊದಲು ಗೋಡೆಗೆ ಅಂಟಿಸುವ ಕಾಗದದ ಡಿಸೈನ್ ಮಾಡುತ್ತಿದ್ದವರು.

ನನಗೆ ಅತಿ ಇಷ್ಟವಾದ ಭಾಗ ಸ್ಟೆನ್ಸಿಲ್, ಅಂದ್ರೆ ಚಿತ್ರವನ್ನು ಚರ್ಮಕ್ಕೆ ಇಳಿಸುವ ಅಚ್ಚು. ಸೆಲ್ಯುಲಾಯ್ಡ್ ಅನ್ನೋ ಪ್ಲಾಸ್ಟಿಕ್ ಹಾಳೆಯಲ್ಲಿ ಚಿತ್ರದ ಗೆರೆಗಳನ್ನು ಮೊನೆಯಿಂದ ಕೊರೆದು, ಆ ಗೀರುಗಳಿಗೆ ಇದ್ದಿಲ ಪುಡಿ ತುಂಬಿ, ವ್ಯಾಸಲೀನ್ ಸವರಿದ ಚರ್ಮದ ಮೇಲೆ ಒತ್ತುತ್ತಿದ್ದರು. ಪುಡಿ ಅಂಟಿಕೊಳ್ಳುತ್ತಿತ್ತು, ಆದರೆ ಸುಲಭವಾಗಿ ಅಳಿಸಿಯೂ ಹೋಗುತ್ತಿತ್ತು. ಅಂಥದ್ದರಲ್ಲಿ ಸೂಕ್ಷ್ಮ ಗೆರೆ ಎಲ್ಲಿ ನಿಲ್ಲಬೇಕು? ಚಿತ್ರ ಸರಳವಾಗಿರಲೇಬೇಕಿತ್ತು. ಸರಳ ಅಂದ್ರೆ ಒರಟು ಅಂತಲ್ಲ. ವರ್ಜೀನಿಯಾದ ನಾರ್ಫೋಕ್‌ನಲ್ಲಿದ್ದ ಹಚ್ಚೆಗಾರ ಕ್ಯಾಪ್ ಕೋಲ್ಮನ್ ಬರೆದ ಹದ್ದುಗಳನ್ನು ನೋಡಿ, ಒಂದು ಗೆರೆ ತೆಗೆಯೋಕೂ ಆಗಲ್ಲ, ಸೇರಿಸೋಕೂ ಆಗಲ್ಲ. 1936ರಲ್ಲೇ ವರ್ಜೀನಿಯಾದ ಮ್ಯಾರಿನರ್ಸ್ ಮ್ಯೂಸಿಯಂ ಅವರ ಫ್ಲ್ಯಾಶ್ ಹಾಳೆಗಳನ್ನು ಕೊಂಡಿತ್ತು. ಆಮೇಲೆ ಹೊನೊಲುಲುವಿನಲ್ಲಿ ಸೇಲರ್ ಜೆರ್ರಿ ಅಂತ ಹೆಸರಾದ ನಾರ್ಮನ್ ಕಾಲಿನ್ಸ್ ಜಪಾನಿನ ಹಚ್ಚೆಗಾರರ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡು, ಅವರಿಂದ ಕಲಿತದ್ದನ್ನು ಈ ಶೈಲಿಗೆ ತಂದರು.

ಲಂಗರು:

ಇತಿಹಾಸ ಇಷ್ಟು ಚೆನ್ನಾಗಿ ಹೇಳಿದ ಮೇಲೆ ಸ್ವಾಲೋ ಬಗ್ಗೆ ನಾನು ನಿಮ್ಮ ಸ್ನೇಹಿತನ ಪರವೇ, @ಮೊದಲ_ಹಚ್ಚೆ. ಸುಮಾರು 5,000 ನಾಟಿಕಲ್ ಮೈಲಿ ಸಮುದ್ರದ ಮೇಲೆ ಕಳೆದವರು ಒಂದು ಸ್ವಾಲೋ ಹಾಕಿಸಿಕೊಳ್ಳುವುದು ನಾವಿಕರ ಪದ್ಧತಿ. ಲಂಗರು ಅಂದ್ರೆ ಅಟ್ಲಾಂಟಿಕ್ ದಾಟಿದವನು, ಎಲ್ಲ ಹಾಯಿ ಬಿಚ್ಚಿದ ಹಡಗು ಅಂದ್ರೆ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬಂದವನು, ಆಮೆ ಅಂದ್ರೆ ಭೂಮಧ್ಯ ರೇಖೆ ದಾಟಿದವನು. ಜೀವ ಪಣಕ್ಕಿಟ್ಟು ಗಳಿಸಿದ ಗುರುತುಗಳು ಇವು. ಬೇರೆ ಎಷ್ಟು ಚಿತ್ರ ಇಲ್ಲ ಹೇಳಿ! ಗುಲಾಬಿ, ಕಠಾರಿ, ಚಿರತೆ ತಲೆ, ಹಾವು, ಅಮ್ಮನ ಹೆಸರಿನ ಪಟ್ಟಿ ಸುತ್ತಿದ ಹೃದಯ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಿ.

ಹಳೇ_ಹಾಳೆ:

@ಲಂಗರು ನಿಮ್ಮ ಗೌರವ ಅರ್ಥ ಆಗುತ್ತೆ, ಆದರೆ ಒಪ್ಪಲ್ಲ. ಆ ಫ್ಲ್ಯಾಶ್ ಹಾಳೆಗಳು ಗೋಡೆ ಮೇಲೆ ಇದ್ದದ್ದು ಬಾಗಿಲೊಳಗೆ ಬಂದ ಎಲ್ಲರಿಗೂ. ನಾವಿಕರಷ್ಟೇ ಅಲ್ಲ, ಸೈನಿಕರು, ಕೂಲಿ ಕಾರ್ಮಿಕರು, ಸರ್ಕಸ್ಸಿನವರು ಎಲ್ಲ ಹಾಕಿಸಿಕೊಂಡಿದ್ದಾರೆ. ಮಾಡ್ ವ್ಯಾಗ್ನರ್ ಸರ್ಕಸ್ ಕಲಾವಿದೆ, ಮೈತುಂಬಾ ಹಚ್ಚೆ ಇತ್ತು, ಆಕೆಯೇ ಮುಂದೆ ಹಚ್ಚೆ ಹಾಕುವ ಕೆಲಸಕ್ಕೂ ಇಳಿದರು. ಸ್ವಾಲೋಗೆ ಮನೆಗೆ ಮರಳುವ ಹಕ್ಕಿ ಅನ್ನೋ ಅರ್ಥವೂ ಇದೆ, ಅದು ಯಾರ ಬದುಕಿಗೂ ಒಗ್ಗುತ್ತೆ ಅಲ್ವಾ?

ಆದರೆ ಬೆರಳ ಗೆಣ್ಣುಗಳ ಮೇಲಿನ 'ಹೋಲ್ಡ್ ಫಾಸ್ಟ್' (HOLD FAST, ಗಟ್ಟಿಯಾಗಿ ಹಿಡಿ) ಬಗ್ಗೆ ನನಗೂ ಹಿಂಜರಿಕೆ ಇದೆ. ಬಿರುಗಾಳಿಯಲ್ಲಿ ಹಗ್ಗದ ಹಿಡಿತ ತಪ್ಪದಿರಲಿ ಅಂತ ಎಂಟು ಬೆರಳಿಗೆ ಎಂಟು ಅಕ್ಷರ ಹಾಕಿಸಿಕೊಂಡವರು ಅವರು. ಅದನ್ನು ಅವರಿಗೇ ಬಿಡೋಣ.

ಮೊದಲ_ಹಚ್ಚೆ:

ಎಲ್ಲರಿಗೂ ಥ್ಯಾಂಕ್ಸ್. ದಪ್ಪ ಗೆರೆಗೆ ಒಪ್ಪಿದೆ, ಅಂಗೈ ಸೈಜಿಗೂ ಒಪ್ಪಿದೆ, ಸ್ವಾಲೋ ಇರಲಿ ಅಂತ ತೀರ್ಮಾನಿಸಿದೆ. @ಗೆರೆಗಾರ ಒಂದೇ ಪ್ರಶ್ನೆ: ನನ್ನ ಮೈಬಣ್ಣ ಕಂದು, ಸ್ವಲ್ಪ ಗಾಢವೇ. ಬಣ್ಣಗಳು ಕಾಣುತ್ತವಾ?

ಗೆರೆಗಾರ:

ಕಾಣುತ್ತವೆ. ಬಣ್ಣ ನಿಮ್ಮ ಚರ್ಮದ ಮೇಲ್ಪದರದ ಕೆಳಗೆ ಇರುವುದರಿಂದ ಅದನ್ನು ಚರ್ಮದ ಬಣ್ಣದ ಮೂಲಕವೇ ನೋಡುತ್ತೀರಿ, ಅಷ್ಟೇ. ಕಪ್ಪು ಚೆನ್ನಾಗಿ ನಿಲ್ಲುತ್ತದೆ, ಗಾಢ ಕೆಂಪು ಮತ್ತು ಗಾಢ ಹಸಿರೂ ಸರಿ. ತಿಳಿ ಹಳದಿ ಮಂಕಾಗುತ್ತದೆ, ಅದರ ಮೇಲೆ ಚಿತ್ರ ನಿಲ್ಲಿಸಬೇಡಿ. ಕೆಂಪಿಗೆ ಕೆಲವರ ಚರ್ಮ ಕೆರೆತ, ಊತದಿಂದ ತಿರುಗಿಬೀಳುತ್ತದೆ, ಬೇರೆ ಬಣ್ಣಕ್ಕಿಂತ ಜಾಸ್ತಿ. ಅಲರ್ಜಿ ಇದ್ದರೆ ಮೊದಲೇ ಹೇಳಿ, ಮರೆಯಾದ ಜಾಗದಲ್ಲಿ ಒಂದು ಚುಕ್ಕೆ ಹಾಕಿಸಿ ಕೆಲವು ವಾರ ಕಾಯಿರಿ. ಅಲರ್ಜಿ ತಡವಾಗಿಯೂ ಬರಬಹುದು, ಹಾಗಾಗಿ ಇದು ಪೂರ್ತಿ ಖಾತ್ರಿ ಅಲ್ಲ. ಗಾಯ ಉಬ್ಬಿ ಗಂಟಾಗುವ ಚರ್ಮ ನಿಮ್ಮದಾದರೆ ಚರ್ಮದ ಡಾಕ್ಟರನ್ನು ಕೇಳದೆ ಮುಂದುವರಿಯಬೇಡಿ.

ಆರ್ಟಿಸ್ಟ್ ಹತ್ತಿರ ಹೊಸ ಟ್ಯಾಟೂ ಫೋಟೊ ನೋಡಿ ಖುಷಿಪಟ್ಟು ಬರಬೇಡಿ. ನಿಮ್ಮಂಥದೇ ಮೈಬಣ್ಣದ ಮೇಲೆ ಮಾಡಿ, ಮಾಯ್ದು ಕೆಲವು ವರ್ಷ ಆಗಿರುವ ಕೆಲಸ ತೋರಿಸಿ ಅಂತ ಕೇಳಿ.