ಮಗನಿಗೆ ಡೈನೋಸಾರ್, ಅತ್ತೆಗೆ ಬುದ್ಧ: ಒಂದೇ ಚೀನಾ ಟೂರಲ್ಲಿ ಎರಡೂ ಆಗುತ್ತಾ?

ಪ್ರಶ್ನೆ (ಮೈಸೂರಿನಿಂದ ಒಬ್ಬ ತಾಯಿ): ನಮಸ್ಕಾರ ಸರ್. ನೀವು ಚೀನಾಕ್ಕೆ ಗ್ರೂಪ್ ಕರೆದುಕೊಂಡು ಹೋಗುವವರು, ಅದಕ್ಕೇ ಕೇಳುತ್ತಿದ್ದೇನೆ. ಮಗನಿಗೆ ಹತ್ತು ವರ್ಷ, ಡೈನೋಸಾರ್ ಹುಚ್ಚು. ಅತ್ತೆಗೆ ಅರವತ್ತೆಂಟು, ಅವರಿಗೆ ಬುದ್ಧನ ಗುಡಿ, ಹಳೇ ಊರು ನೋಡುವ ಆಸೆ. ಒಂದು ಕಂಪನಿಯವರು ಒಂಬತ್ತು ದಿನದ ಪ್ಲ್ಯಾನ್ ಕಳಿಸಿದ್ದಾರೆ. ಬೀಜಿಂಗ್, ಲಿಯಾವೊನಿಂಗ್, ಯುನ್ನಾನ್, ಸಿಚುವಾನ್ ನಾಲ್ಕೂ ಇವೆ. ದುಡ್ಡು ಕಟ್ಟಬಹುದಾ?

ಉತ್ತರ: ಈಗಲೇ ಕಟ್ಟಬೇಡಿ ಮೇಡಂ. ಲಿಯಾವೊನಿಂಗ್ ಪ್ರಾಂತ್ಯ ಇರುವುದು ಚೀನಾದ ಈಶಾನ್ಯದಲ್ಲಿ, ಯುನ್ನಾನ್ ನೈಋತ್ಯದಲ್ಲಿ. ಒಂಬತ್ತು ದಿನದಲ್ಲಿ ಇಷ್ಟು ಸುತ್ತಿದರೆ ಅತ್ತೆಯವರು ನೋಡುವುದು ಬರೀ ಏರ್‌ಪೋರ್ಟು. ಜಾಗಗಳೇನೋ ದೊಡ್ಡವೇ. ಗರಿಯಂಥ ಹೊದಿಕೆಯಿದ್ದ ಡೈನೋಸಾರ್ ಸೈನೋಸಾರಾಪ್ಟೆರಿಕ್ಸ್ 1996ರಲ್ಲಿ ಬೆಳಕಿಗೆ ಬಂದಿದ್ದು ಲಿಯಾವೊನಿಂಗಿನಲ್ಲಿ. 1941ರಲ್ಲಿ ಹೆಸರು ಪಡೆದ ಲುಫೆಂಗೊಸಾರಸ್ ಯುನ್ನಾನಿನದು. ಆದರೆ ನಿಮ್ಮ ಮನೆಗೆ ಸಿಚುವಾನ್ ಒಂದೇ ಸಾಕು. ಅಲ್ಲಿನ ರಾಜಧಾನಿ ಚೆಂಗ್ಡುವಿನಲ್ಲಿ ಉಳಿದುಕೊಳ್ಳಿ, ಅತ್ತೆಯವರಿಗೆ ಲೆಶಾನ್‌ನ ದೊಡ್ಡ ಬುದ್ಧನನ್ನು ತೋರಿಸಿ, ಮಗನಿಗಾಗಿ ಜಿಗಾಂಗ್‌ನಲ್ಲಿ ಎರಡು ರಾತ್ರಿ ಇರಿ. ಎಲ್ಲಾ ಕಡೆ ರೈಲಿದೆ.

ಜಿಗಾಂಗ್ ಅಂದರೆ ನಮ್ಮವರಿಗೆ ಗೊತ್ತೇ ಇಲ್ಲ. ಊರಾಚೆ ದಾಶಾನ್‌ಪು ಅಂತ ಇದೆ. 1970ರ ದಶಕದಲ್ಲಿ ಅಲ್ಲಿ ಗ್ಯಾಸ್ ಕಂಪನಿಯ ಕಟ್ಟಡದ ಕೆಲಸ ನಡೆಯುವಾಗ ನೆಲದಿಂದ ಮೂಳೆಗಳು ರಾಶಿರಾಶಿ ಬಂದವು. ಅಲ್ಲಿ ಸಿಕ್ಕ ಒಂದು ಪ್ರಾಣಿಗೆ ಗ್ಯಾಸೊಸಾರಸ್ ಕನ್‌ಸ್ಟ್ರಕ್ಟಸ್ ಅಂತಲೇ ಹೆಸರು. ತಮಾಷೆ ಅಲ್ಲ, ನಿಜ! ಅಗೆದ ಜಾಗದ ಮೇಲೆಯೇ ಮ್ಯೂಸಿಯಂ ಕಟ್ಟಿ 1987ರಲ್ಲಿ ತೆರೆದರು.

ಪ್ರಶ್ನೆ (ಅವರೇ): ಅಲ್ಲಿರುವುದು ನಿಜವಾದ ಮೂಳೆಯಾ, ಪ್ಲಾಸ್ಟರ್ ಮಾಡಿದ್ದಾ? ಮಗ ಪಕ್ಕದಲ್ಲೇ ಕೂತು ಕೇಳಿಸುತ್ತಿದ್ದಾನೆ.

ಉತ್ತರ: ಒಳ್ಳೇ ಪ್ರಶ್ನೆ ಪುಟ್ಟಾ. ಯಾವ ಮ್ಯೂಸಿಯಂನಲ್ಲೇ ಆಗಲಿ, ನಿಲ್ಲಿಸಿದ ಅಸ್ಥಿಪಂಜರದಲ್ಲಿ ಕೆಲವು ಭಾಗ ಅಚ್ಚು ತೆಗೆದು ಮಾಡಿದ್ದಾಗಿರಬಹುದು. ಇಲ್ಲಿ ಮಾತ್ರ ನೀನು ಕೆಳಗಡೆ ಅಗೆದ ಗುಂಡಿಯ ಹತ್ತಿರ ಹೋಗಬೇಕು. ಅಲ್ಲಿರುವುದು ಕಲ್ಲಿನಿಂದ ಬಿಡಿಸದೆ ಹಾಗೇ ಬಿಟ್ಟ ಮೂಳೆ. ಮಳೆಗಾಲದಲ್ಲಿ ಹೊಳೆ ಇಳಿದ ಮೇಲೆ ದಡದಲ್ಲಿ ಕೊಂಬೆ, ಸೌದೆ ಒಂದರ ಮೇಲೊಂದು ಸಿಕ್ಕಿಕೊಂಡಿರುತ್ತಲ್ಲ, ಥೇಟ್ ಹಾಗೆ. ತೊಡೆಮೂಳೆ ಅಡ್ಡ, ಪಕ್ಕೆಲುಬು ಅದರ ಮೇಲೆ, ಬೆನ್ನಿನ ಮಣಿಗಳು ಸಾಲಾಗಿ. ಹೋಲಿಕೆ ಸುಮ್ನೆ ಕೊಟ್ಟಿದ್ದಲ್ಲ. ಸುಮಾರು 16 ಕೋಟಿ ವರ್ಷದ ಹಿಂದೆ ನೀರು ಹೊತ್ತು ತಂದ ಹೆಣಗಳು ಅಲ್ಲಿ ಸೇರಿ ಮಣ್ಣಲ್ಲಿ ಮುಚ್ಚಿಹೋದವು. ಶುನೊಸಾರಸ್ ಅನ್ನೋ ಡೈನೋಸಾರ್‌ನ ಬಾಲದ ತುದಿ ನೋಡೋದು ಮರೆಯಬೇಡ, ಗದೆ ಇದೆ.

ಮೇಡಂ, ನಿಮಗೊಂದು ಮಾತು. ಇಲ್ಲಿಗೆ ಅರ್ಧ ದಿನ ಬೇಕೇ ಬೇಕು. ನಾನು ಈ ಕೆಲಸಕ್ಕೆ ಹೊಸದಾಗಿ ಬಂದಾಗ ಒಂದು ಕಂಪನಿಯ ಗ್ರೂಪ್ ಜೊತೆ ಹೋಗಿದ್ದೆ. ದಾರಿಯಲ್ಲಿ ಟೀ ಅಂಗಡಿ, ರೇಷ್ಮೆ ಅಂಗಡಿ ಅಂತ ಬಸ್ ನಿಲ್ಲಿಸಿ ನಿಲ್ಲಿಸಿ, ಮ್ಯೂಸಿಯಂಗೆ ಉಳಿದಿದ್ದು ನಲವತ್ತು ನಿಮಿಷ. ಕೆಳಗಿನ ಗುಂಡಿ ಇದೆ ಅಂತ ಅರ್ಧ ಜನಕ್ಕೆ ಗೊತ್ತಾಗಿದ್ದೇ ವಾಪಸ್ ಬಸ್ ಹತ್ತಿದ ಮೇಲೆ. ಅವತ್ತು ಒಬ್ಬ ಹುಡುಗ ಅತ್ತಿದ್ದು ಇನ್ನೂ ನೆನಪಿದೆ.

ಪ್ರಶ್ನೆ (ಹುಬ್ಬಳ್ಳಿಯ ಒಬ್ಬರು): ಸರ, ಡೈನೋಸಾರ್ ಬಿಟ್ಟರೆ ಆ ಊರಾಗ ಮತ್ತೇನೈತ್ರಿ?

ಉತ್ತರ: ಉಪ್ಪು ಐತ್ರಿ ಸರ! ನನಗೆ ಕೇಳಿದರೆ ಡೈನೋಸಾರ್‌ಗಿಂತ ಒಂದು ಕೈ ಮೇಲೆ. ಬಿದಿರಿನ ಹಗ್ಗಕ್ಕೆ ಕಬ್ಬಿಣದ ಉಳಿ ಕಟ್ಟಿ, ಎತ್ತಿ ಎತ್ತಿ ಕುಟ್ಟಿ ಕೊರೆದ ಬಾವಿ ಅಲ್ಲಿದೆ. ಹೆಸರು ಶೆನ್‌ಹಾಯ್. 1835ರಲ್ಲಿ 1001 ಮೀಟರ್ ಮುಟ್ಟಿತು. ಒಂದು ಸಾವಿರ ಮೀಟರ್ ದಾಟಿದ ಜಗತ್ತಿನ ಮೊದಲ ಬಾವಿ. ಉಪ್ಪುನೀರು ಮೇಲೆತ್ತುವ ರಾಟೆಯನ್ನು ಎತ್ತುಗಳು ತಿರುಗಿಸುತ್ತಿದ್ದವು. ಅದೇ ಬಾವಿಯಿಂದ ಗ್ಯಾಸ್ ಕೂಡ ಬರುತ್ತಿತ್ತು, ಅದರಲ್ಲೇ ಒಲೆ ಹೊತ್ತಿಸಿ ನೀರು ಕುದಿಸುತ್ತಿದ್ದರು. ಈಗಲೂ ಅಲ್ಲಿ ದೊಡ್ಡ ಬಾಣಲೆಗಳಲ್ಲಿ ಉಪ್ಪು ಕಾಯಿಸುತ್ತಾರೆ. ಕುದಿಯುವಾಗ ಸೋಯಾ ಹಾಲು ಹಾಕುತ್ತಾರೆ, ಕಸರೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಸಕ್ಕರೆ ಪಾಕಕ್ಕೆ ನಮ್ಮ ಅಡುಗೆಯವರು ಹಾಲು ಹಾಕಿ ಕೊಳೆ ತೆಗೆಯುತ್ತಾರಲ್ಲ, ಅದೇ ಉಪಾಯ.

ಊರೊಳಗಿನ ಉಪ್ಪಿನ ಮ್ಯೂಸಿಯಂ ಇರುವುದು ಶಾನ್‌ಶಿ ಕಡೆಯ ಉಪ್ಪಿನ ವ್ಯಾಪಾರಿಗಳು 1736ರಲ್ಲಿ ಕಟ್ಟಲು ಶುರುಮಾಡಿದ ಸಂಘದ ಮನೆಯಲ್ಲಿ. ಸೂರಿನ ಮೂಲೆಗಳು ಹಕ್ಕಿ ರೆಕ್ಕೆಯ ಹಾಗೆ ಮೇಲೆದ್ದಿವೆ. ಅತ್ತೆಯವರನ್ನು ಅಲ್ಲಿ ಕೂರಿಸಿದರೆ ಏಳುವುದಿಲ್ಲ.

ಪ್ರಶ್ನೆ (ಮೈಸೂರಿನ ತಾಯಿ): ಲೆಶಾನ್‌ನಲ್ಲಿ ಮೆಟ್ಟಿಲು ಜಾಸ್ತಿ ಅಂತ ಕೇಳಿದೆ. ಅತ್ತೆಗೆ ಮಂಡಿ ನೋವು.

ಉತ್ತರ: ಜಾಸ್ತಿ, ಕಡಿದಾಗಿಯೂ ಇವೆ. ದೋಣಿಯಲ್ಲಿ ಕರೆದುಕೊಂಡು ಹೋಗಿ. ಮೂರು ನದಿ ಸೇರುವ ಕಡೆ ಬಂಡೆಯಲ್ಲಿ ಕೆತ್ತಿದ ಬುದ್ಧ, 71 ಮೀಟರ್ ಎತ್ತರ. 713ರಲ್ಲಿ ಶುರುವಾದ ಕೆಲಸ 803ರಲ್ಲಿ ಮುಗಿಯಿತು. ಪೂರ್ತಿ ಕಾಣುವುದು ನೀರಿನಿಂದಲೇ. ಮೆಟ್ಟಿಲಿಳಿದವರಿಗೆ ಸಿಗುವುದು ಕಾಲಬೆರಳಿನ ದರ್ಶನ. ಪಕ್ಕದ ಎಮೈ ಬೆಟ್ಟ ಬೌದ್ಧರಿಗೆ ಪವಿತ್ರ. ಉದ್ದ ಕತ್ತಿನ ಒಮೈಸಾರಸ್‌ಗೆ ಹೆಸರು ಬಂದಿದ್ದು ಆ ಬೆಟ್ಟದಿಂದಲೇ. ಅತ್ತೆಯ ಬೆಟ್ಟ, ಮಗನ ಡೈನೋಸಾರ್, ಎರಡಕ್ಕೂ ಒಂದೇ ಹೆಸರು!

ಪ್ರಶ್ನೆ (ಶಿರಸಿಯ ಒಬ್ಬರು): ದಸರಾ ರಜೆಯಲ್ಲಿ ಹೋಗಬಹುದಾ? ನಾವು ಸಸ್ಯಾಹಾರಿಗಳು.

ಉತ್ತರ: ಅಕ್ಟೋಬರ್ 1ರಿಂದ ಒಂದು ವಾರ ಬಿಟ್ಟುಬಿಡಿ. ಅವರ ರಾಷ್ಟ್ರೀಯ ರಜೆ, ಇಡೀ ಚೀನಾ ರೈಲಲ್ಲೇ ಇರುತ್ತದೆ. ಮೇ ಮೊದಲ ವಾರವೂ ಅಷ್ಟೇ. ಊಟಕ್ಕೆ "ವೊ ಛ್ ಸು" ಅನ್ನಿ, ಸಸ್ಯಾಹಾರಿ ಅಂತ ಅರ್ಥ. ಆದರೂ ಎಣ್ಣೆ, ಸಾರು ಯಾವುದರದ್ದು ಅಂತ ಗೈಡ್ ಕೈಲಿ ಕೇಳಿಸಿ. ಚೆಂಗ್ಡುವಿನ ವೆನ್‌ಶು ಮಠದಲ್ಲಿ ನೆಮ್ಮದಿಯಾಗಿ ಉಣ್ಣಬಹುದು. ಅಲ್ಲಿನ ನಾಲಿಗೆ ಜುಮ್ಮೆನ್ನುವ ಕಾಳು ನಿಮಗೆ ಹೊಸದಲ್ಲ, ನಮ್ಮ ಜುಮ್ಮನಕಾಯಿಯ ನೆಂಟನೇ. ಮೊಬೈಲಿಗೆ ಇಲ್ಲಿಂದಲೇ ರೋಮಿಂಗ್ ಹಾಕಿಸಿ, ಅಲ್ಲಿನ ಸಿಮ್‌ನಲ್ಲಿ ವಾಟ್ಸಾಪ್ ಬರುವುದಿಲ್ಲ. ದಾರಿಬದಿ ಯಾರಾದರೂ ಪಳೆಯುಳಿಕೆ ಮಾರಿದರೆ ಮುಟ್ಟಬೇಡಿ, ಅನುಮತಿ ಇಲ್ಲದೆ ದೇಶದಾಚೆ ತರುವುದು ಅಪರಾಧ.

ಪ್ರಶ್ನೆ (ಮೈಸೂರಿನ ತಾಯಿ): ಕಂಪನಿಗೆ ಫೋನ್ ಮಾಡಿದೆ ಸರ್. ಜಿಗಾಂಗ್ ಮ್ಯೂಸಿಯಂಗೆ ಒಂದು ಗಂಟೆ, ರೇಷ್ಮೆ ಅಂಗಡಿಗೆ ಎರಡು ಗಂಟೆ ಅಂದರು.

ಉತ್ತರ: ಅದಲು ಬದಲು ಮಾಡಿಸಿ, ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಒಪ್ಪದಿದ್ದರೆ ಬೇರೆ ಕಂಪನಿ ನೋಡಿ. ರೇಷ್ಮೆಗೆ ಮೈಸೂರಿನವರು ಚೀನಾಕ್ಕೆ ಹೋಗಬೇಕಾ ಮೇಡಂ?